ಬೀಜದ ಕಬ್ಬೂ ಸರ್ವರಿನ ಬೀಜವೂ

ಅಥಣಿ, ರಾಯಬಾಗ, ಕಾಗವಾಡಗಳ ರೈತರಿಗೆ ಬೀಜದ ಕಬ್ಬಿನ ವಿಷಯವನ್ನು ನಾವು ಹೇಳಿಕೊಡಬೇಕಾಗಿಲ್ಲ. ಕಣ್ಣುಳ್ಳ ತುಂಡುಗಳನ್ನು ಒಂದು ಪೈರಿನಿಂದ ಕಡಿದು ನೆಟ್ಟರೆ ಹೊಲದ ತುಂಬ ಏಳುವುದು ಅದೇ ಕಬ್ಬು, ಅದೇ ಗುಣ; ತಾಯಿಪೈರಿನಲ್ಲಿ ಕೆಂಪು ಕೊಳೆ ರೋಗವಿದ್ದರೆ ಅದೇ ರೋಗ. ಉತ್ತರ ಭಾರತಕ್ಕೆಂದು 2009ರಲ್ಲಿ ಬಿಡುಗಡೆಯಾದ ಕೋ 0238 ತಳಿಯು ಉತ್ತರ ಪ್ರದೇಶದ ಕಬ್ಬಿನ ನೆಲದ ಬಹುಭಾಗವನ್ನು ಆಕ್ರಮಿಸಿತು. ಮುಂದೆ ಆ ರೋಗವು ತಗುಲಿದಾಗ ಹಾನಿಯೂ ಅಷ್ಟೇ ವಿಸ್ತಾರವಾಯಿತು.

ಗಣಕಯಂತ್ರಗಳ ಲೋಕದಲ್ಲಿಯೂ ಈಗ ನಡೆಯುತ್ತಿರುವುದು ಇಂಥ ಬಿತ್ತನೆಯೇ. ಕ್ಲೌಡ್ ಎಂಬ ಹೆಸರು ಆಕಾಶದ್ದಾದರೂ ವಸ್ತು ನೆಲದ ಮೇಲಿನದು: ಒಂದು ತಂಪು ಕಟ್ಟಡದಲ್ಲಿ ಕಪಾಟುಗಳ ತುಂಬ ಸಾಲುಗೂಡಿ ನಿಂತ ಸರ್ವರುಗಳು. ಹೊಸದಾಗಿ ಬಂದ ಸರ್ವರಿನ ಡಿಸ್ಕು ಬರಿದಾಗಿರುತ್ತದೆ. ಹಿಂದೆ ಒಂದೊಂದರ ಮುಂದೆಯೂ ಒಬ್ಬ ತಂತ್ರಜ್ಞನು ಕುಳಿತು ಆಪರೇಟಿಂಗ್ ಸಿಸ್ಟಮನ್ನು ತುಂಬಬೇಕಾಗಿತ್ತು. ಈಗ ಹಾಗಿಲ್ಲ. ಮುಖ್ಯ ಯಂತ್ರವು ಮಲಗಿದ್ದರೂ ಎಚ್ಚರವಾಗಿರುವ ಸಣ್ಣ ನಿಯಂತ್ರಕವೊಂದು ಸರ್ವರಿನೊಳಗಿದೆ. ದೂರದಿಂದ ಅಪ್ಪಣೆ ಬಂದೊಡನೆ ಅದು ಯಂತ್ರವನ್ನು ಎಬ್ಬಿಸುತ್ತದೆ. ಎದ್ದ ಯಂತ್ರವು ಜಾಲದ ಮೂಲಕ ಒಂದು ಪುಟ್ಟ ತಾತ್ಕಾಲಿಕ ವ್ಯವಸ್ಥೆಯನ್ನು ತನ್ನ ಸ್ಮೃತಿಗೆ ಎಳೆದುಕೊಳ್ಳುತ್ತದೆ. ಆ ವ್ಯವಸ್ಥೆಯು ಸಿದ್ಧಪಡಿಸಿಟ್ಟ ಇಮೇಜನ್ನು ತರಿಸಿ, ದಾರಿಯಲ್ಲಿ ಕೆಟ್ಟಿಲ್ಲವೆಂದು ತಾಳೆನೋಡಿ, ಡಿಸ್ಕಿನ ಮೇಲೆ ಅಚ್ಚೊತ್ತುತ್ತದೆ. ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸಂಸ್ಥೆಗಳು 2010ರಲ್ಲಿ ಆರಂಭಿಸಿದ ಓಪನ್‌ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಕೆಲಸವನ್ನು ಮಾಡುವ ಅಂಗಕ್ಕೆ ಐರಾನಿಕ್ ಎಂದು ಹೆಸರು.

ಇಮೇಜ್ ಎಂದರೆ ಚಿತ್ರವಲ್ಲ, ತುಂಬಿದ ಡಿಸ್ಕಿನ ಪಡಿಯಚ್ಚು. ಅದನ್ನು ಸಿದ್ಧಪಡಿಸುವುದರಲ್ಲಿಯೇ ಜಾಣತನವಿದೆ. ತಂತ್ರಾಂಶದಿಂದ ಕಲ್ಪಿಸಿದ ಯಂತ್ರಗಳೆಲ್ಲ ಒಂದೇ ರೂಪದವು; ಕಬ್ಬಿಣದ ಯಂತ್ರಗಳು ಹಾಗಲ್ಲ. ಜಾಲದ ಕಾರ್ಡು, ಡಿಸ್ಕಿನ ನಿಯಂತ್ರಕಗಳು ತಯಾರಕರಿಂದ ತಯಾರಕರಿಗೆ ಬೇರೆ. ಅವುಗಳ ಚಾಲಕ ತಂತ್ರಾಂಶವು ಇಮೇಜಿನಲ್ಲಿ ಮೊದಲೇ ಇಲ್ಲದಿದ್ದರೆ ಯಂತ್ರವು ಎದ್ದೂ ಮೂಕವಾಗಿರುತ್ತದೆ. ಸೇರಿಸುವಷ್ಟೇ ಅಳಿಸುವುದೂ ಮುಖ್ಯ. ತಾಯಿಯಂತ್ರದ ಗುರುತುಸಂಖ್ಯೆ, ಗೂಢ ಕೀಲಿಗಳು ಇಮೇಜಿನಲ್ಲಿ ಉಳಿದುಹೋದರೆ ಅದರಿಂದ ಹುಟ್ಟಿದ ಸರ್ವರುಗಳೆಲ್ಲ ಒಂದೇ ಕೀಲಿಯನ್ನು ಹೊತ್ತಿರುತ್ತವೆ. ಒಂದು ಮನೆಯ ಕೀಲಿ ಕಳ್ಳನಿಗೆ ಸಿಕ್ಕಿದರೆ ಊರೇ ತೆರೆದಂತೆ. ಹೆಸರು, ವಿಳಾಸ, ಕೀಲಿಗಳನ್ನು ಪ್ರತಿ ಯಂತ್ರವೂ ಮೊದಲ ಸಲ ಎದ್ದಾಗ ತಾನೇ ಪಡೆಯುವಂತಿರಬೇಕು.

ಇದರಿಂದ ಚಿಕ್ಕೋಡಿ, ನಿಪ್ಪಾಣಿಗಳಿಗೆ ಏನು ಬಂತು ಎಂದು ವಾಚಕರು ಕೇಳಬಹುದು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದಾಗ ಪಹಣಿಯ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲಿಯೇ ಇದ್ದವು. ಈಗ ಅವು ರಸ್ತೆಯಲ್ಲಿ 500 ಕಿಲೋಮೀಟರಿಗೂ ದೂರದ ಬೆಂಗಳೂರಿನಲ್ಲಿವೆ. ಈ ಭಾಗದ ಜನ ಇಂದಿಗೂ ‘ಉತಾರ’ ಎನ್ನುವ ಆ ಒಂದು ಹಾಳೆಯ ಮೇಲೆ ಬೆಳೆಸಾಲ, ಪರಿಹಾರ, ಅಣ್ಣತಮ್ಮಂದಿರ ಪಾಲು ಎಲ್ಲವೂ ನಿಂತಿವೆ. ಇಂಥ ಹಾಳೆಗಳನ್ನು ಕೊಡಬೇಕಾದ ಸರ್ವರಿನ ಇಮೇಜನ್ನು ಇಂಗ್ಲಿಷೊಂದನ್ನೇ ಮನಸ್ಸಿನಲ್ಲಿಟ್ಟು ಸಿದ್ಧಪಡಿಸಿದರೆ ಏನಾಗುತ್ತದೆ? ಚಿಕ್ಕದಾಗಿರಲೆಂದು ಕಡೆದ ಇಮೇಜುಗಳಲ್ಲಿ ಅಕ್ಷರಶೈಲಿಗಳನ್ನು ಸಾಮಾನ್ಯವಾಗಿ ಇಡುವುದಿಲ್ಲ. ಅಂಥ ಸರ್ವರು ಮುದ್ರಣಕ್ಕೆಂದು ಹಾಳೆಯನ್ನು ರಚಿಸಿದರೆ ‘ಪಾಟೀಲ’ ಎಂಬ ಕಡೆಯಲ್ಲಿ ಖಾಲಿ ಚೌಕಗಳು ಕಾಣಿಸಿಕೊಳ್ಳುತ್ತವೆ. ಇದು ಕಣ್ಣಿಗೆ ಬೀಳುವ ದೋಷ, ಬೇಗ ಸರಿಹೋದೀತು.

ಕಣ್ಣಿಗೆ ಬೀಳದ ದೋಷವೇ ಹೆಚ್ಚು ಅಪಾಯಕರ. ಅಕ್ಷರಗಳ ಅನುಕ್ರಮವು ಯಾವುದೆಂಬುದನ್ನು ಲಿನಕ್ಸ್ ವ್ಯವಸ್ಥೆಯಲ್ಲಿ ಜಿಲಿಬ್‌ಸಿ ಎಂಬ ಮೂಲ ಗ್ರಂಥಾಲಯವು ಹೇಳುತ್ತದೆ. 2018ರ ಆಗಸ್ಟಿನಲ್ಲಿ ಬಂದ ಅದರ 2.28ನೆಯ ಆವೃತ್ತಿಯು ಈ ಅನುಕ್ರಮವನ್ನು ಬದಲಿಸಿತು. ಹಳೆಯ ಅನುಕ್ರಮದಲ್ಲಿ ಕಟ್ಟಿದ ಅಕಾರಾದಿ ಸೂಚಿಯನ್ನು ಹೊಸ ಇಮೇಜಿನ ಯಂತ್ರದಲ್ಲಿ ಹಾಗೆಯೇ ಬಳಸಿದ ಪೋಸ್ಟ್‌ಗ್ರೆಸ್ ದತ್ತಸಂಗ್ರಹಗಳಲ್ಲಿ, ಇದ್ದ ಹೆಸರೂ ಹುಡುಕಿದಾಗ ಸಿಗದಂತಾಗುವ ಸಂಭವ ಒದಗಿತು. ದಾಖಲೆಯು ನಾಶವಾಗಿಲ್ಲ, ಆದರೆ ಯಂತ್ರವು ಇಲ್ಲವೆನ್ನುತ್ತದೆ. ಗುಮಾಸ್ತನು ಯಂತ್ರದ ಮಾತನ್ನು ನಂಬುತ್ತಾನೆ. ರೈತನು ಬಸ್ಸು ಹತ್ತಿ ಊರಿಗೆ ಮರಳುತ್ತಾನೆ.

ಗಡಿಯ ತಾಲ್ಲೂಕುಗಳಲ್ಲಿ ತೊಡಕು ಇಮ್ಮಡಿಯಾಗುತ್ತದೆ. ಒಂದೇ ಮನೆತನದ ಹೆಸರು ಒಂದು ಕಾಗದದಲ್ಲಿ ಕನ್ನಡದಲ್ಲಿಯೂ ಇನ್ನೊಂದರಲ್ಲಿ ಮರಾಠಿಯಲ್ಲಿಯೂ ಇರುವುದು ಇಲ್ಲಿ ವಿಶೇಷವಲ್ಲ. ಬೋರಗಾಂವ, ಸದಲಗಾ, ಉಗಾರ ಖುರ್ದ, ಹಾರೂಗೇರಿಗಳ ಹೆಸರುಗಳು ಸರಿಯಾಗಿ ಹೊರಬರುವುದು ಬೆಂಗಳೂರಿನ ಪರೀಕ್ಷಕನಿಗೆ ಹೊಳೆಯುವ ಮೊದಲ ಪ್ರಶ್ನೆಯಾಗಿರಲಾರದು. (ರ‍್ಯ ಎಂದು ಬರೆಯಲು ನಡುವೆ ಕಾಣದ ಒಂದು ಚಿಹ್ನೆಯನ್ನು ಇಡಬೇಕೆಂಬುದು ಎಷ್ಟು ಇಂಜಿನಿಯರುಗಳಿಗೆ ಗೊತ್ತು?)

ಸಾರ್ವಜನಿಕ ದಾಖಲೆಗಳನ್ನು ಹೊರುವ ಸರ್ವರುಗಳ ಇಮೇಜಿನಲ್ಲಿ ಕನ್ನಡ ಮತ್ತು ಮರಾಠಿಗಳು ಆಮೇಲೆ ಹಚ್ಚುವ ತೇಪೆಯಾಗದೆ ಮೊದಲಿನಿಂದಲೇ ಇರಬೇಕೆಂಬುದು ನಮ್ಮ ಅಭಿಪ್ರಾಯ. ಇಮೇಜು ಚಿಕ್ಕದಾದಷ್ಟೂ ಆಕ್ರಮಣಕ್ಕೆ ಆಸ್ಪದ ಕಡಿಮೆಯೆಂದು ತಜ್ಞರು ಆಕ್ಷೇಪಿಸುವುದುಂಟು. ತತ್ತ್ವವು ನಿಜ. ಆದರೆ ನೂರಾರು ಮೆಗಾಬೈಟಿನ ಇಮೇಜಿನಲ್ಲಿ ಒಂದು ಮೆಗಾಬೈಟಿಗೂ ಕಡಿಮೆಯ ಅಕ್ಷರಶೈಲಿಗೆ ಎಡೆಯಿಲ್ಲವೆಂಬುದು ಜಿಪುಣತನವೇ ಹೊರತು ಭದ್ರತೆಯಲ್ಲ.

ಬೀಜದ ಕಬ್ಬನ್ನು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 2 ಗಂಟೆ ಇಟ್ಟು ಕೆಲವು ರೋಗಗಳನ್ನು ಕಳೆಯುವ ಪದ್ಧತಿಯಿದೆ. ಇಮೇಜಿಗೂ ಅಂಥ ಶೋಧನೆ ಬೇಕು. ಅದನ್ನು ಕೈಯಿಂದ ತಿದ್ದಿ ತಿದ್ದಿ ಮಾಡಬಾರದು. ಬರೆದಿಟ್ಟ ವಿಧಾನದಿಂದ ಪ್ರತಿ ಸಲವೂ ಹೊಸದಾಗಿ ಕಟ್ಟಬೇಕು. ಡಿಸ್ಕ್‌ಇಮೇಜ್-ಬಿಲ್ಡರ್‌ನಂಥ ಸಾಧನಗಳು ಇರುವುದೇ ಅದಕ್ಕೆ. ಕಟ್ಟಿದ ಮೇಲೆ ಗಡಿಗ್ರಾಮಗಳ ಹೆಸರುಗಳನ್ನೇ ಕೊಟ್ಟು ಹುಡುಕಿಸಿ, ಮುದ್ರಿಸಿ ನೋಡಬೇಕು. ಸೂಚಿಗಳನ್ನು ಹೊಸದಾಗಿ ಕಟ್ಟಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಯುಕ್ತ ಪರಿಷ್ಕರಣೆಯು, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ಯಂತ್ರಗಳನ್ನು ಕೆಡವಿತು. ಅದು ಇಮೇಜಲ್ಲವಾದರೂ ಎಲ್ಲೆಡೆಗೂ ಒಮ್ಮೆಗೇ ಹಂಚಿದ್ದರ ಫಲವದು. ಆದುದರಿಂದ ಹೊಸ ಇಮೇಜನ್ನು ಮೊದಲು ಒಂದೆರಡು ಸರ್ವರುಗಳಿಗೆ ಮಾತ್ರ ಹಾಕಿ, ರಾಯಬಾಗದ ಕಚೇರಿಯಲ್ಲೊಬ್ಬರೂ ಕಾಗವಾಡದಲ್ಲೊಬ್ಬರೂ ಒಂದು ವಾರ ಉತಾರಗಳನ್ನು ತೆಗೆದು ಹಳೆಯವುಗಳೊಡನೆ ತಾಳೆನೋಡಲಿ. ಆ ವಾರವು ಮುಂಗಾರಿನ ಬೆಳೆಸಾಲಕ್ಕೆ ಜನ ಸಾಲುಗಟ್ಟುವ ವಾರವಾಗದಿರಲಿ.