ಜಿಂಕೆಗೆ ಎಷ್ಟು ದೊಡ್ಡ ಗುಂಡು ಬೇಕು?

ಅಮೆರಿಕದ ಹಳ್ಳಿಗಾಡಿನಲ್ಲಿ ಬೇಟೆಯ ಹಂಗಾಮು ಹತ್ತಿರ ಬಂತೆಂದರೆ ಬಂದೂಕಿನ ಅಂಗಡಿಗಳಲ್ಲಿ ಒಂದು ಹಳೆಯ ತಕರಾರು ಮತ್ತೆ ಶುರುವಾಗುತ್ತದೆ. ಬಿಳಿಬಾಲದ ಜಿಂಕೆ ಹೊಡೆಯಲು ಸಣ್ಣ ಕ್ಯಾಲಿಬರಿನ ಬೋಲ್ಟ್ ಆ್ಯಕ್ಷನ್ ರೈಫಲ್ ಸಾಕೇ, ಸಾಲದೇ? ಒಬ್ಬ ತನ್ನ .223 ರೈಫಲ್ಲಿನಿಂದ ವರ್ಷವರ್ಷವೂ ಜಿಂಕೆ ಕೆಡವುತ್ತಿದ್ದೇನೆ ಎನ್ನುತ್ತಾನೆ. ಇನ್ನೊಬ್ಬ ಅದು ನರಿಗಷ್ಟೇ ಲಾಯಕ್ಕು, .308 ಇಲ್ಲದೆ ಕಾಡಿಗೆ ಕಾಲಿಡಬಾರದು ಎನ್ನುತ್ತಾನೆ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರಬಹುದು. ಆದರೆ ಇಬ್ಬರ ಮಾತೂ ಸರಿಯಾಗಿ ಬಿದ್ದ ಈಡಿನ ಬಗ್ಗೆ. ರೈಫಲ್ ಆರಿಸುವವನು ಮೊದಲು ಯೋಚಿಸಬೇಕಾದದ್ದು ಸರಿಯಾಗಿ ಬೀಳದ ಈಡಿನ ಬಗ್ಗೆ ಎಂದು ನನ್ನ ವಾದ. ಗುರಿ ನಾಲ್ಕು ಬೆರಳು ಆಚೀಚೆಯಾದರೆ ಆ ಪ್ರಾಣಿಯ ಗತಿಯೇನು?

ನಮ್ಮ ನೆಲದಲ್ಲಿ ಈ ಪ್ರಶ್ನೆ ಏಳುವುದಿಲ್ಲ, ಏಳಲೂ ಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆಗಳ ಶಿಕಾರಿ ಅಪರಾಧ. ಕೋವಿಯನ್ನು ಪೂಜಿಸುವ ಕೊಡಗಿನಲ್ಲೂ ಈ ಮಾತಿಗೆ ವಿನಾಯಿತಿಯಿಲ್ಲ. ಅಮೆರಿಕದಲ್ಲಿ ಮಾತ್ರ ಜಿಂಕೆ ಬೇಟೆ ಸರ್ಕಾರದ ಪರವಾನಗಿಯಿಂದ, ಗೊತ್ತುಮಾಡಿದ ದಿನಗಳಲ್ಲಿ, ಗೊತ್ತುಮಾಡಿದ ಮಿತಿಯೊಳಗೆ ನಡೆಯುತ್ತದೆ. ಅಲ್ಲಿ ನೆಲೆಸಿದ ನಮ್ಮವರು ಯಾರಾದರೂ ಪರವಾನಗಿ ಪಡೆದು ಹೊರಡುವುದಾದರೆ, ಊರಿನ ಜೋಡು ನಳಿಗೆ ಕೋವಿಯ ನೆನಪು ಅವರ ನೆರವಿಗೆ ಬಾರದು. ರೈಫಲ್ಲಿನ ಲೆಕ್ಕವೇ ಬೇರೆ.

ಮೂರು ತೋಟಾಗಳನ್ನು ಅಂಗೈಯಲ್ಲಿಟ್ಟು ನೋಡಿದರೆ ಆ ಲೆಕ್ಕ ಕಾಣುತ್ತದೆ. .223ರ ಗುಂಡು 5.7 ಮಿಲಿಮೀಟರ್ ದಪ್ಪ, ಸಾಮಾನ್ಯವಾಗಿ ಮೂರೂವರೆ ಗ್ರಾಂ ತೂಕ. ನಳಿಗೆ ಬಿಡುವಾಗ ಅದರ ಶಕ್ತಿ ಸುಮಾರು 1,700 ಜೂಲ್. .308ರ ಗುಂಡು ಹತ್ತಿರ ಹತ್ತಿರ ಹತ್ತು ಗ್ರಾಂ, ಶಕ್ತಿ 3,500 ಜೂಲ್ ದಾಟುತ್ತದೆ. ನಡುವೆ ನಿಂತಿರುವುದು .243 ವಿಂಚೆಸ್ಟರ್. 1955ರಲ್ಲಿ ಮಾರುಕಟ್ಟೆಗೆ ಬಂದ ಇದು .308ರ ಹಿತ್ತಾಳೆ ಕವಚದ ಕುತ್ತಿಗೆಯನ್ನೇ ಹಿಸುಕಿ ಸಣ್ಣದು ಮಾಡಿ ಹುಟ್ಟಿಸಿದ ತೋಟಾ. ಆರೂವರೆ ಗ್ರಾಂ ಗುಂಡು, ಸುಮಾರು 2,600 ಜೂಲ್.

ಜೂಲ್‌ಗಳಿಂದಲೇ ಜಿಂಕೆ ಸಾಯುವುದಿಲ್ಲ. ಗುಂಡು ಎರಡೂ ಶ್ವಾಸಕೋಶಗಳನ್ನು ಹರಿದುಕೊಂಡು ಹೋದರೆ ರಕ್ತದೊತ್ತಡ ಕುಸಿಯುತ್ತದೆ, ಮಿದುಳಿಗೆ ಆಮ್ಲಜನಕ ತಪ್ಪುತ್ತದೆ, ಹತ್ತು ಹದಿನೈದು ಸೆಕೆಂಡುಗಳಲ್ಲಿ ಪ್ರಾಣಿ ಉರುಳುತ್ತದೆ. ಅಷ್ಟರೊಳಗೆ ಅದು ನೂರು ಮೀಟರ್ ಓಡಿ ಪೊದೆ ಸೇರಿರಬಹುದು. ಆಗ ಬೇಟೆಗಾರನಿಗೆ ಉಳಿಯುವುದು ಎಲೆಗಳ ಮೇಲಿನ ರಕ್ತ. ಗುಲಾಬಿ ಬಣ್ಣದ ನೊರೆರಕ್ತ ಕಂಡರೆ ಶ್ವಾಸಕೋಶಕ್ಕೆ ಬಿದ್ದಿದೆ. ಕಪ್ಪುಗೆಂಪಾಗಿದ್ದರೆ ಯಕೃತ್ತಿಗೆ. ಹಸಿರು ಚೂರುಗಳು ಬೆರೆತು ನಾರುತ್ತಿದ್ದರೆ ಹೊಟ್ಟೆಗೆ. ಹೊಟ್ಟೆಗೆ ಬಿದ್ದ ಜಿಂಕೆಯನ್ನು ತಕ್ಷಣ ಬೆನ್ನಟ್ಟಿದರೆ ಅದು ಮೈಲುಗಟ್ಟಲೆ ನಡೆದುಬಿಡುತ್ತದೆ. ಗಂಟೆಗಟ್ಟಲೆ ಕಾದು ಹೋಗಬೇಕು. ಆ ಗಂಟೆಗಳಷ್ಟೂ ಅದು ಎಲ್ಲೋ ಮಲಗಿ ನರಳುತ್ತಿರುತ್ತದೆ.

ಸಣ್ಣ ಗುಂಡಿನ ನಿಜವಾದ ತೊಡಕು ಇಲ್ಲೇ ಇದೆ. ಅದು ಎಷ್ಟೋ ಸಲ ದೇಹದ ಆಚೆ ಬದಿಗೆ ಹೊರಬರುವುದಿಲ್ಲ. ಮರದ ಮೇಲಿನ ಅಟ್ಟಣಿಗೆಯಿಂದ ಕೆಳಮುಖವಾಗಿ ಹೊಡೆದಾಗ ಗುಂಡು ಹೊಕ್ಕ ತೂತು ಪಕ್ಕೆಯ ಮೇಲ್ಭಾಗದಲ್ಲಿರುತ್ತದೆ. ಕೆಳಗೆ ಹೊರಬಿದ್ದ ತೂತು ಇಲ್ಲದಿದ್ದರೆ ಎದೆಗೂಡು ತುಂಬುವವರೆಗೆ ರಕ್ತ ನೆಲಕ್ಕೆ ತೊಟ್ಟಿಕ್ಕುವುದೇ ಇಲ್ಲ. ಜಿಂಕೆ ಸತ್ತಿರುತ್ತದೆ, ಜಾಡು ಸಿಗುವುದಿಲ್ಲ. ಓರೆಯಾಗಿ ನಿಂತ ಪ್ರಾಣಿಯ ಭುಜದ ಮೂಳೆಗೆ ಬಿದ್ದ ಹಗುರ ಗುಂಡು ಅಲ್ಲೇ ಚೂರಾಗಿ, ಒಳಗಿನ ಅಂಗಗಳನ್ನು ಮುಟ್ಟದೆ ಹೋಗುವ ಅಪಾಯವೂ ಇದೆ. ಭಾರದ ಗುಂಡು ಇಂಥ ತಪ್ಪುಗಳನ್ನೆಲ್ಲ ಮುಚ್ಚಿಕೊಡುತ್ತದೆಂದಲ್ಲ. ಹೊಟ್ಟೆಗೆ ಬಿದ್ದರೆ .308 ಕೂಡ ಹೊಟ್ಟೆಗೇ ಬಿದ್ದಂತೆ. ಆದರೆ ಮೂಳೆ ಮತ್ತು ಓರೆಯ ವಿಷಯದಲ್ಲಿ ಅದು ನಿಶ್ಚಯವಾಗಿ ಒಂದಿಷ್ಟು ಅವಕಾಶ ಕೊಡುತ್ತದೆ.

ಕಾನೂನುಗಳು ಒಂದೇ ಮಾತು ಹೇಳುವುದಿಲ್ಲ. ಟೆಕ್ಸಾಸ್‌ನಲ್ಲಿ .223 ನಡೆಯುತ್ತದೆ. ವರ್ಜೀನಿಯಾ .23 ಇಂಚಿಗಿಂತ ಸಣ್ಣ ರೈಫಲ್ಲನ್ನು ಒಪ್ಪುವುದಿಲ್ಲ, ಕೊಲರಾಡೊ .24 ಕೇಳುತ್ತದೆ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ದೊಡ್ಡ ಜಾತಿಗಳಿಗೆ .240 ಇಂಚು ಎಂದು ಗೆರೆ ಎಳೆದದ್ದರಿಂದ .243 ಕೂದಲೆಳೆಯಲ್ಲಿ ಪಾಸಾಗುತ್ತದೆ. ಅದೇ ತೋಟಾ ಜರ್ಮನಿಯಲ್ಲಿ ಪುಟ್ಟ ರೋ ಜಿಂಕೆಗೆ ಮಾತ್ರ ಸಲ್ಲುತ್ತದೆ. ಕೆಂಪು ಜಿಂಕೆಗೆ ಅಲ್ಲಿ 6.5 ಮಿಲಿಮೀಟರ್ ದಪ್ಪವೂ ನೂರು ಮೀಟರ್ ದೂರದಲ್ಲಿ 2,000 ಜೂಲ್ ಶಕ್ತಿಯೂ ಕಡ್ಡಾಯ. ಜರ್ಮನರ ಅಳತೆ ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ. ನಳಿಗೆಯ ಬಾಯಲ್ಲಿ ಎಷ್ಟು ಶಕ್ತಿ ಇತ್ತು ಎನ್ನುವುದನ್ನು ಬಿಟ್ಟು, ಪ್ರಾಣಿ ನಿಂತಿರಬಹುದಾದ ದೂರದಲ್ಲಿ ಎಷ್ಟು ಉಳಿದಿದೆ ಎಂದು ಅದು ಕೇಳುತ್ತದೆ.

ಸಣ್ಣ ಕ್ಯಾಲಿಬರಿನ ಪರ ವಾದಿಸುವವರು ಕರಮೋಜೋ ಬೆಲ್ ಹೆಸರು ತೆಗೆಯದೆ ಬಿಡುವುದಿಲ್ಲ. ಆತ ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ, ಅವುಗಳಲ್ಲಿ ಬಹುಪಾಲನ್ನು 7 ಮಿಲಿಮೀಟರ್ ಮೌಸರ್ ತೋಟಾದಿಂದ. ಜಿಮ್ ಕಾರ್ಬೆಟ್ ಹಿಡಿದಿದ್ದ .275 ರಿಗ್ಬಿಯೂ ಬೇರೆ ಹೆಸರಿನ ಅದೇ ತೋಟಾ. ತೇಜಸ್ವಿಯವರ ಮೂಲಕ ನಮಗೆ ಪರಿಚಿತನಾದ ಕೆನೆತ್ ಆ್ಯಂಡರ್ಸನ್‌ಗೆ ಮಾತ್ರ ಭಾರಿ .405 ವಿಂಚೆಸ್ಟರ್ ಅಚ್ಚುಮೆಚ್ಚು. ಆದರೆ ಬೆಲ್‌ನ ಉದಾಹರಣೆ ಆ ವಾದಕ್ಕೆ ಒದಗುವುದಿಲ್ಲ. ಆತ ಆನೆಯ ತಲೆಬುರುಡೆ ಸೀಳಿ ಮಿದುಳು ಇರುವ ಜಾಗವನ್ನು ಅಭ್ಯಾಸ ಮಾಡಿದ್ದವನು, ಮೂಳೆಯಲ್ಲಿ ಚೂರಾಗದ ಗಟ್ಟಿ ಗುಂಡನ್ನೇ ಬಳಸುತ್ತಿದ್ದವನು. ವರ್ಷಕ್ಕೊಂದು ವಾರ ರಜೆ ಹಾಕಿ ಕಾಡಿಗೆ ಹೋಗುವವನ ಕೈಗೆ ಆ ಪಳಗುವಿಕೆ ಎಲ್ಲಿಂದ ಬರಬೇಕು?

ಬೆಲ್‌ನ ಗುಂಡಿನ ಗಟ್ಟಿತನ ಮಾತ್ರ ನೆನಪಿಡಬೇಕಾದ ಸಂಗತಿ. ಸಣ್ಣ ಕ್ಯಾಲಿಬರಿನಲ್ಲಿ ದಪ್ಪಕ್ಕಿಂತ ಗುಂಡಿನ ಕಟ್ಟಡ ಮುಖ್ಯ. ನರಿ, ಹೆಗ್ಗಣಗಳಿಗೆಂದು ಮಾಡಿದ ತೆಳುಚರ್ಮದ ಗುಂಡು ತಗುಲಿದೊಡನೆ ಸಿಡಿಯುತ್ತದೆ. ಜಿಂಕೆಗೆ ಬೇಕಾದದ್ದು ಮೂತಿ ಅರಳಿಯೂ ಬುಡ ಗಟ್ಟಿಯಾಗಿ ಉಳಿದು ಆಳಕ್ಕೆ ಇಳಿಯುವ ಗುಂಡು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಹೊಡೆದ ಗುಂಡುಗಳು ಕೆಸರು ಮೆತ್ತಿದ ಮೂಸ್‌ನ ಚರ್ಮದಲ್ಲೇ ಹಾಳಾದವು. ಆ ಬೇಸರದಲ್ಲಿ ಆತ ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯಿಟ್ಟು ಪಾರ್ಟಿಷನ್ ಗುಂಡನ್ನು ರೂಪಿಸಿದ. ಮುಂದಿನರ್ಧ ಅರಳಿ ಸವೆದರೂ ಹಿಂದಿನರ್ಧ ಮುನ್ನುಗ್ಗುತ್ತದೆ. ಇಂಥ ಗುಂಡು ಹಾಕಿದ .243 ಮತ್ತು ಅಗ್ಗದ ಸಿಡಿಗುಂಡು ಹಾಕಿದ .243 ಒಂದೇ ರೈಫಲ್ ಎಂದು ಕರೆಯಲು ಮನಸ್ಸಾಗದಷ್ಟು ಬೇರೆ.

ಭಾರದ ಗುಂಡನ್ನು ನಳಿಗೆ ಒಪ್ಪಬೇಕಲ್ಲ? ಒಳಗಿನ ಸುರುಳಿಗೀರು ಗುಂಡನ್ನು ಬುಗುರಿಯಂತೆ ತಿರುಗಿಸುತ್ತದೆ. ಗುಂಡು ಉದ್ದವಾದಷ್ಟೂ ತಿರುವು ಬಿಗಿಯಾಗಿರಬೇಕು. .243 ಬಂದ ವರ್ಷವೇ ರೆಮಿಂಗ್ಟನ್ ಕಂಪನಿ ತನ್ನ .244 ತಂದಿತು. ಕವಚದಲ್ಲಿ ಮದ್ದು ಹಿಡಿಸುವ ಜಾಗ ವಿಂಚೆಸ್ಟರಿನದಕ್ಕಿಂತ ಹೆಚ್ಚೇ ಇತ್ತು, ಆದರೆ 12 ಇಂಚಿಗೆ ಒಂದೇ ಸುತ್ತು. ವಿಂಚೆಸ್ಟರ್ 10 ಇಂಚಿಗೊಂದು ಸುತ್ತು ಕೊಟ್ಟು ಜಿಂಕೆಗೆ ತಕ್ಕ ಭಾರದ ಗುಂಡನ್ನು ಸ್ಥಿರವಾಗಿ ಹಾರಿಸಿತು. ಗಿರಾಕಿಗಳು ಅತ್ತ ವಾಲಿದರು. ರೆಮಿಂಗ್ಟನ್ ತಿರುವು ಬಿಗಿ ಮಾಡಿ 1963ರಲ್ಲಿ ಅದೇ ತೋಟಾಕ್ಕೆ 6 ಎಂಎಂ ಎಂದು ಹೊಸ ಹೆಸರಿಟ್ಟರೂ ಕೈತಪ್ಪಿದ ಮಾರುಕಟ್ಟೆ ಮರಳಲಿಲ್ಲ. ಇವತ್ತು ಈ ಪಾಠ ಇನ್ನೂ ಮುಖ್ಯ. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ. ಸೀಸಕ್ಕಿಂತ ಹಗುರವಾದ ತಾಮ್ರದಲ್ಲಿ ಅಷ್ಟೇ ತೂಕದ ಗುಂಡು ಮಾಡಿದರೆ ಅದು ಉದ್ದವಾಗುತ್ತದೆ. ಆದ್ದರಿಂದ ರೈಫಲ್ ಕೊಳ್ಳುವಾಗ ಬಣ್ಣ, ಹಿಡಿಯ ಮರ ನೋಡುವ ಮೊದಲು ತಿರುವಿನ ಸಂಖ್ಯೆ ಕೇಳಬೇಕು.

ಇನ್ನು ಒದೆತದ ಮಾತು. ಸಣ್ಣ ಕ್ಯಾಲಿಬರಿನ ಪರವಾಗಿ ಇರುವ ಅತ್ಯಂತ ಬಲವಾದ ವಾದ ಇದೇ. ಅಭ್ಯಾಸದ ಮೈದಾನದಲ್ಲಿ ಜೊತೆಗಾರ ಗೊತ್ತಾಗದಂತೆ ಮದ್ದಿಲ್ಲದ ಡಮ್ಮಿ ತೋಟಾ ತುಂಬಿ ಕೊಡುತ್ತಾನೆ. ಕುದುರೆ ಎಳೆದಾಗ ಬರೀ ಟಿಕ್ ಎಂಬ ಸದ್ದು. ಆದರೂ ನಳಿಗೆಯ ತುದಿ ಗಕ್ಕನೆ ಕೆಳಗೆ ಬಾಗುತ್ತದೆ, ಭುಜ ಮುಂದೆ ನೂಕುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಒದೆತಕ್ಕೆ ಹೆದರಿದ ಮೈಯ ಸಾಕ್ಷಿ ಅದು. ಹಾಗೆ ಬೆಚ್ಚುವವನ ಕೈಯಲ್ಲಿ ದೊಡ್ಡ ರೈಫಲ್ ಹೊಟ್ಟೆಗೆ ಬೀಳುವ ಈಡನ್ನೇ ಹೆಚ್ಚಿಸುತ್ತದೆ. .243ರ ಒದೆತ .308ರ ಅರ್ಧಕ್ಕಿಂತ ತುಸು ಹೆಚ್ಚಷ್ಟೆ. ಅಪ್ಪಂದಿರು ಮಕ್ಕಳಿಗೆ ಮೊದಲ ಜಿಂಕೆ ರೈಫಲ್ಲಾಗಿ ಅದನ್ನೇ ಕೊಡಿಸುವುದು ಇದಕ್ಕೇ. ಅದನ್ನು ನಾನು ಒಪ್ಪುತ್ತೇನೆ. ಇನ್ನೂ ಕೆಳಗಿಳಿದು .223 ಕೊಡಿಸುವುದನ್ನು ಒಪ್ಪಲಾರೆ. ತಪ್ಪನ್ನು ಅತಿ ಕಡಿಮೆ ಸಹಿಸುವ ಸಾಧನವನ್ನು ಅತಿ ಹೆಚ್ಚು ತಪ್ಪು ಮಾಡುವ ಕೈಗೆ ಕೊಟ್ಟಂತಾಗುತ್ತದೆ, ಮತ್ತು ಅದರ ಬೆಲೆ ತೆರುವುದು ಜಿಂಕೆ.

ಬೋಲ್ಟ್ ಆ್ಯಕ್ಷನ್ನೇ ಯಾಕೆ ಎನ್ನುವುದಕ್ಕೆ ಹೆಚ್ಚು ಹೇಳಬೇಕಿಲ್ಲ. 1898ರ ಮೌಸರ್ ವಿನ್ಯಾಸದಿಂದ ಇಂದಿನವರೆಗೆ ಅದರ ಸರಳತೆ, ನಿಖರತೆ ಬದಲಾಗಿಲ್ಲ. ಹಿಡಿಕೆ ಮೇಲೆತ್ತಿ, ಹಿಂದೆಳೆದು, ಮುಂದೆ ತಳ್ಳಿ, ಕೆಳಗಿಳಿಸುವಷ್ಟರಲ್ಲಿ ಜಿಂಕೆ ಕಣ್ಮರೆಯಾಗುತ್ತದೆಂದು ಗೊತ್ತಿದ್ದವನು ಮೊದಲ ಈಡಿಗೇ ತಾಳ್ಮೆ ತಂದುಕೊಳ್ಳುತ್ತಾನೆ. ಹಗುರ ಗುಂಡಿಗೆ ಬೇಕಾದದ್ದು ಆ ತಾಳ್ಮೆಯೇ.

ಹಾಗಾಗಿ ನನ್ನ ತೀರ್ಮಾನ ಹೀಗೆ. ಒದೆತ ತಾಳಬಲ್ಲ ವಯಸ್ಕನಿಗೆ 6.5 ಕ್ರೀಡ್‌ಮೂರ್ ಅಥವಾ 7 ಎಂಎಂ-08 ಎಂಬ ತೋಟಾದ ರೈಫಲ್ ಒಳ್ಳೆಯ ಆಯ್ಕೆ. ಬೆಚ್ಚುವವರಿಗೆ, ಎಳೆಯರಿಗೆ, ಸಣ್ಣ ಮೈಕಟ್ಟಿನವರಿಗೆ ಗಟ್ಟಿ ಗುಂಡು ಹಾಕಿದ .243, ಅದೂ ಪಕ್ಕೆ ತೋರಿ ನಿಂತ ಜಿಂಕೆಗೆ ಮಾತ್ರ. .223 ಪಳಗಿದ ಕೈಗೆ, ಸಣ್ಣ ಮೈಯ ಜಿಂಕೆಗಳಿರುವ ಕಡೆ, ಕಾನೂನು ಒಪ್ಪಿದರೆ, ನೂರು ಮೀಟರಿನೊಳಗೆ. ದೂರವನ್ನು ಗೊತ್ತುಮಾಡಿಕೊಳ್ಳಲು ಊಟದ ಕಾಗದದ ತಟ್ಟೆಯೊಂದು ಸಾಕು. ಜಿಂಕೆಯ ಎದೆಗೂಡಿನ ಮರ್ಮಸ್ಥಾನ ಹೆಚ್ಚುಕಡಿಮೆ ಅಷ್ಟೇ ಅಗಲ. ಮೇಜಿನ ಆಸರೆ ಬಿಟ್ಟು, ಮಂಡಿಯೂರಿ, ಏದುಸಿರು ಬಿಡುತ್ತ ಹೊಡೆದಾಗಲೂ ಎಲ್ಲ ಗುಂಡುಗಳು ಎಷ್ಟು ದೂರದವರೆಗೆ ಆ ತಟ್ಟೆಯೊಳಗೆ ಬೀಳುತ್ತವೋ ಅಷ್ಟೇ ಬೇಟೆಗಾರನ ಮಿತಿ. ತೋಟಾದ ಡಬ್ಬಿಯ ಮೇಲೆ 300 ಮೀಟರಿನ ಅಂಕಿಗಳು ಅಚ್ಚಾಗಿದ್ದರೂ, ತಟ್ಟೆ 120 ಎಂದು ಹೇಳಿದರೆ ಆ ವರ್ಷ 130 ಮೀಟರಿನಲ್ಲಿ ನಿಂತ ಜಿಂಕೆಯನ್ನು ಬಿಟ್ಟು ಬರಬೇಕು.