ಫ್ಯಾಕ್ಟ್ ಚೆಕ್: 248 ದಿನಕ್ಕೆ ವಿಮಾನದ ಕರೆಂಟ್ ಹೋಗುತ್ತದೆಯೇ?

"ವಿಮಾನದ ಸಾಫ್ಟ್‌ವೇರ್‌ನಲ್ಲಿ ದೋಷವಿದೆ, 248 ದಿನವಾದರೆ ಹಾರುವಾಗಲೇ ಕರೆಂಟ್ ಹೋಗುತ್ತದೆ" ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ಮಕ್ಕಳನ್ನು ದುಬೈಗೋ ಅಮೆರಿಕಕ್ಕೋ ಕಳಿಸಿರುವ ಪಿರಿಯಾಪಟ್ಟಣದ ಮನೆಯವರಿಗೆ ಇದನ್ನು ಓದಿ ಎದೆ ಧಸಕ್ಕೆನ್ನುವುದು ಸಹಜ. ಇದರಲ್ಲಿ ನಿಜವೆಷ್ಟು, ನೋಡೋಣ.

ನಿಜವೇನು?

2015ರಲ್ಲಿ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಬೋಯಿಂಗ್ 787 ಬಗ್ಗೆ ಆದೇಶ ಹೊರಡಿಸಿದ್ದು ನಿಜ. ಒಮ್ಮೆಯೂ ಆಫ್ ಮಾಡದೆ ಸತತ 248 ದಿನ ಕರೆಂಟ್ ಹರಿಯುತ್ತಿದ್ದರೆ, ಜನರೇಟರ್ ನಿಯಂತ್ರಿಸುವ ಘಟಕಗಳೆಲ್ಲ ಒಟ್ಟಿಗೇ ಕೈಕೊಡಬಹುದಿತ್ತು. ಆದರೆ ಇದು ಗೊತ್ತಾದದ್ದು ಹಾರಾಟದಲ್ಲಲ್ಲ, ಪ್ರಯೋಗಾಲಯದಲ್ಲಿ. ಗಡುವಿಗೆ ಮೊದಲೇ ಆಫ್ ಮಾಡಿ ಆನ್ ಮಾಡಬೇಕೆಂಬುದೇ ಆದೇಶ.

248 ಏಕೆ? ಹಳೇ ಬೈಕಿನ ಮೀಟರ್ 99999 ಆದಮೇಲೆ ಸೊನ್ನೆಗೆ ತಿರುಗುತ್ತದಲ್ಲ, ಹಾಗೆಯೇ ಸಾಫ್ಟ್‌ವೇರ್‌ನ ಎಣಿಕೆಗೂ ಮಿತಿಯಿದೆ. 32 ಬಿಟ್‌ನ ಎಣಿಕೆ ಸುಮಾರು 214 ಕೋಟಿಗೆ ತುಂಬುತ್ತದೆ. ಸೆಕೆಂಡಿಗೆ 100ರಂತೆ ಎಣಿಸಿದರೆ ಅದು 248 ದಿನ.

ಟೆಸ್ಟ್ ಮಾಡಿದರೆ ಸಾಲದೇ?

ಟೆಸ್ಟ್ ಎಂದರೆ ಮೂಟೆಗೆ ಕೈಹಾಕಿ ಒಂದು ಹಿಡಿ ರಾಗಿ ನೋಡಿದಂತೆ. ಉಳಿದದ್ದರಲ್ಲಿ ಕಲ್ಲಿಲ್ಲ ಎನ್ನಲಾಗದು. ಎರಡು ಸಮಸಂಖ್ಯೆ ಕೂಡಿದರೆ ಸಮಸಂಖ್ಯೆಯೇ ಬರುತ್ತದೆ ಎಂದು ಹೇಳಲು ನಾವು ಎಲ್ಲ ಸಂಖ್ಯೆಗಳನ್ನೂ ಕೂಡಿ ನೋಡುವುದಿಲ್ಲ, ಗಣಿತದಿಂದ ಸಾಧಿಸುತ್ತೇವೆ. ಸಾಫ್ಟ್‌ವೇರನ್ನೂ ಹೀಗೆ ಸಾಧಿಸಿ ತೋರಿಸುವುದೇ 'ಫಾರ್ಮಲ್ ವೆರಿಫಿಕೇಶನ್'. ಏರ್‌ಬಸ್ ಎ340ರ ಹಾರಾಟ ನಿಯಂತ್ರಣದ 1,32,000 ಸಾಲುಗಳ ಪ್ರೋಗ್ರಾಂನಲ್ಲಿ ಎಣಿಕೆ ತುಂಬಿ ಹರಿಯುವಂಥ ದೋಷಗಳಿಲ್ಲವೆಂದು ಫ್ರಾನ್ಸ್‌ನ 'ಆಸ್ತ್ರೇ' ಎಂಬ ಉಪಕರಣ 2003ರಲ್ಲಿ ಸಾಧಿಸಿ ತೋರಿಸಿತು.

ಹೊತ್ತಿಗೆ ಸರಿಯಾಗಿ

ವಿಮಾನದಲ್ಲಿ ಉತ್ತರ ಸರಿಯಿದ್ದರೆ ಸಾಲದು, ಹೊತ್ತಿಗೂ ಬರಬೇಕು. ಹೊಗೆಸೊಪ್ಪು ಬೇಯಿಸುವವರಿಗೆ ಇದು ಗೊತ್ತು: ಬ್ಯಾರನ್‌ನಲ್ಲಿ ಸೊಪ್ಪು ಹಳದಿಗೆ ತಿರುಗಿದಾಗ ಶಾಖ ಏರಿಸಬೇಕು, ತಡವಾದರೆ ಬಣ್ಣ ಕೆಟ್ಟಿತು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ನಮ್ಮ ತೇಜಸ್ ಬೇಕೆಂದೇ ಅಸ್ಥಿರವಾಗಿ ರೂಪಿಸಿದ ವಿಮಾನ. ಅದನ್ನು ಕ್ಷಣಕ್ಷಣಕ್ಕೂ ಹಿಡಿದು ನಿಲ್ಲಿಸುವುದು ಕಂಪ್ಯೂಟರ್. ಅಲ್ಲಿನ ಗಡುವು ಸೆಕೆಂಡಿನ ಸಣ್ಣ ಭಾಗದಷ್ಟು.

ಹಾಗಾದರೆ ಪೂರ್ತಿ ಸುರಕ್ಷಿತವೇ?

ಇಲ್ಲೊಂದು ಎಚ್ಚರ. ಗಣಿತ ಸಾಧಿಸುವುದು ನಾವು ಬರೆದುಕೊಟ್ಟ ನಿಯಮವನ್ನು ಪ್ರೋಗ್ರಾಂ ಪಾಲಿಸುತ್ತದೆ ಎಂಬುದನ್ನಷ್ಟೇ. ನಿಯಮವೇ ತಪ್ಪಾಗಿದ್ದರೆ? 2018 ಮತ್ತು 2019ರ ಎರಡು ಬೋಯಿಂಗ್ 737 ಮ್ಯಾಕ್ಸ್ ದುರಂತಗಳಲ್ಲಿ 346 ಜನ ಸತ್ತರು. ಅಲ್ಲಿ ಸಾಫ್ಟ್‌ವೇರ್ ಹೇಳಿದಂತೆಯೇ ಕೇಳಿತ್ತು. ಒಂದೇ ಸೆನ್ಸರ್‌ನ ಮಾತು ನಂಬುವಂತೆ ಅದನ್ನು ರೂಪಿಸಿದ್ದೇ ತಪ್ಪಾಗಿತ್ತು.

ಒಟ್ಟಿನಲ್ಲಿ: 248 ದಿನದ ದೋಷ ನಿಜ, ಹಾರುವಾಗಲೇ ಕರೆಂಟ್ ಹೋಗುತ್ತದೆ ಎಂಬ ಹೆದರಿಕೆ ಅರ್ಧಸತ್ಯ. ಆ ಸಂದೇಶ ಮತ್ತೆ ಬಂದರೆ ಮುಂದೆ ಕಳಿಸುವ ಬದಲು, ಕಳಿಸಿದವರಿಗೆ ಇಷ್ಟನ್ನು ತಿಳಿಸಿ.