ಪೈಲ್ ಹಾಕಿದರೆ ಮುಗಿಯಿತೇ?

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಚಿಕ್ಕಪ್ಪ ಹೊಳೆಬದಿಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟ್ ತೋರಿಸಿದರು. ‘ಇದರಲ್ಲೊಂದು ಫ್ಲ್ಯಾಟ್ ತೆಗೆದುಕೊಳ್ಳುವ ಅಂತ ಇದ್ದೇನೆ. ಪೈಲ್ ಹಾಕಿದ್ದಾರಂತೆ, ಭೂಕಂಪ ಬಂದರೂ ಎಂತ ಆಗುವುದಿಲ್ಲವಂತೆ. ನೀನು ಸಿವಿಲ್ ಓದುವವನಲ್ಲ ಮಾರಾಯ, ಹೌದಾ?’ ಎಂದು ಕೇಳಿದರು.

ಐದು ಸೆಮಿಸ್ಟರ್ ಮುಗಿಸಿದ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಒಂದು ಪೈಲ್ ಎಷ್ಟು ಭಾರ ಹೊರುತ್ತದೆ ಎಂದು ಲೆಕ್ಕ ಹಾಕಲು ನನಗೆ ಬರುತ್ತದೆ. ಆದರೆ ಆ ಲೆಕ್ಕದಲ್ಲಿ ನೆಲ ಅಲುಗಾಡುವುದೇ ಇಲ್ಲ.

ಹಾಸ್ಟೆಲ್‌ಗೆ ಮರಳಿದ ಮೇಲೆ ಓದಲು ಕುಳಿತೆ. ಮೊದಲು ಸಿಕ್ಕಿದ್ದು ಗುಜರಾತಿನ ಕಾಂಡ್ಲಾ ಬಂದರಿನ ಕಸ್ಟಮ್ಸ್ ಕಚೇರಿಯ ಗೋಪುರ. ಅದರ ಅಡಿಯಲ್ಲಿ 32 ಪೈಲ್‌ಗಳಿದ್ದವು, ಒಂದೊಂದೂ ಸುಮಾರು 18 ಮೀಟರ್ ಉದ್ದ. 2001ರ ಜನವರಿ 26ರ ಭೂಕಂಪದಲ್ಲಿ ಗೋಪುರ ಬೀಳಲಿಲ್ಲ, ಆದರೆ ವಾಲಿಕೊಂಡಿತು. ಕಾರಣ ಕೆಳಗಿನ ಮಣ್ಣು. ಮೇಲಿನ ಸುಮಾರು 10 ಮೀಟರ್ ಜೇಡಿಯನ್ನು ದಾಟಿದ ಪೈಲ್‌ಗಳು ಅದರ ಕೆಳಗಿನ ಮರಳಿನ ಪದರದಲ್ಲೇ ನಿಂತಿದ್ದವು. ನೆಲ ನಡುಗಿದಾಗ ಆ ಮರಳೇ ಕೈಕೊಟ್ಟಿತು.

ಕಡಲತೀರದವರಿಗೆ ಇದನ್ನು ವಿವರಿಸುವುದು ಸುಲಭ. ಅಲೆ ಹಿಂದೆ ಸರಿದಾಗ ಒದ್ದೆ ಮರಳಿನ ಮೇಲೆ ನಿಂತು ಕಾಲಿನಿಂದ ತಟ್ಟುತ್ತಾ ಇರಿ. ಗಟ್ಟಿಯಾಗಿದ್ದ ಮರಳು ಮೆತ್ತಗಾಗಿ, ನೀರು ಮೇಲೆ ಬಂದು, ಪಾದ ಹೂತುಹೋಗುತ್ತದೆ. ಭೂಕಂಪದಲ್ಲೂ ಇದೇ ನಡೆಯುತ್ತದೆ. ನೀರು ತುಂಬಿದ ಸಡಿಲ ಮರಳು ಅಲುಗಿದಾಗ ಕಣಗಳ ನಡುವಿನ ನೀರಿನ ಒತ್ತಡ ಏರುತ್ತದೆ, ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದನ್ನು ಬಿಡುತ್ತವೆ, ಮಣ್ಣು ಗಂಜಿಯಂತಾಗುತ್ತದೆ. ಇದನ್ನೇ ದ್ರವೀಕರಣ ಎನ್ನುತ್ತಾರೆ. ಆಗ ಪೈಲ್‌ನ ಮೈಯನ್ನು ಒತ್ತಿ ಹಿಡಿದಿದ್ದ ಮಣ್ಣು ಇಲ್ಲವಾಗುತ್ತದೆ. ಕಟ್ಟಡದ ಇಡೀ ಭಾರ ಹೊತ್ತ ಪೈಲ್ ಆಸರೆಯಿಲ್ಲದ ತೆಳ್ಳನೆಯ ಕಂಬವಾಗುತ್ತದೆ. ಹೊಳೆಬದಿಯ ಇಳಿಜಾರಾದರೆ ಮೇಲಿನ ಮಣ್ಣು ನೀರಿನ ಕಡೆಗೆ ಜಾರುತ್ತಾ ಪೈಲ್ ಅನ್ನೂ ತಳ್ಳುತ್ತದೆ. ಗಟ್ಟಿ ಪದರ ಮತ್ತು ಮೆತ್ತನೆಯ ಪದರ ಸೇರುವಲ್ಲಿ ಅದು ಹೆಚ್ಚು ಬಾಗುತ್ತದೆ, ಅಲ್ಲೇ ಮುರಿಯಬಹುದು.

ಮುರಿದರೂ ಮೇಲಿದ್ದವರಿಗೆ ಗೊತ್ತಾಗದಿರಬಹುದು. ಜಪಾನಿನ ನಿಗಾಟಾದಲ್ಲಿ 1964ರಲ್ಲಿ ಭೂಕಂಪವಾಯಿತು. ಅಲ್ಲಿನ ಎನ್‌ಎಚ್‌ಕೆ ಕಟ್ಟಡವನ್ನು ಜನ ಆಮೇಲೂ ಬಳಸುತ್ತಿದ್ದರು. ಸುಮಾರು 20 ವರ್ಷಗಳ ನಂತರ ನೆಲ ಅಗೆದಾಗ ಅದರ ಪೈಲ್‌ಗಳು ಮುರಿದಿದ್ದು ಕಂಡಿತು.

ಹಾಗಾದರೆ ಪೈಲ್ ಬೇಡವೇ? ಖಂಡಿತ ಬೇಕು. ಸಡಿಲ ಪದರವನ್ನು ದಾಟಿ ಕೆಳಗಿನ ಗಟ್ಟಿ ನೆಲದಲ್ಲಿ ಸಾಕಷ್ಟು ಆಳಕ್ಕೆ ಇಳಿದ, ಬಾಗುವಿಕೆಗೂ ವಿನ್ಯಾಸ ಮಾಡಿದ ಪೈಲ್ ಕಟ್ಟಡವನ್ನು ಕಾಪಾಡುತ್ತದೆ. ಆದರೆ ಸಡಿಲ ಪದರ ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಮಣ್ಣಿನ ಪರೀಕ್ಷೆ ಮಾತ್ರ. ನನ್ನ ತಕರಾರು ಇರುವುದು ಇಲ್ಲಿಯೇ.

ಇಂಟರ್ನ್‌ಶಿಪ್‌ನಲ್ಲಿ ನಾನು ಒಂದು ಸೈಟ್‌ನ ಬೋರ್‌ಹೋಲ್ ಕೆಲಸಕ್ಕೆ ಹೋಗಿದ್ದೆ. 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಬೇಕು, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸಬೇಕು. ಮೂರನೇ ದಿನ ಮಳೆ. ಕೊನೆಯ ಬೋರ್ ಕೊರೆಯಲೇ ಇಲ್ಲ. ‘ಪಕ್ಕದ ಬೋರ್‌ನ ಲೆಕ್ಕವನ್ನೇ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಬರಿ’ ಎಂದರು. ನಾನು ಬರೆದೆ. ಸರ್ಟಿಫಿಕೇಟ್ ಬೇಕಿತ್ತು. ಆ ಹಾಳೆಯನ್ನು ನಂಬಿ ಯಾರೋ ಪೈಲ್‌ನ ಉದ್ದ ನಿರ್ಧರಿಸುತ್ತಾರೆ ಎಂಬುದು ಆಗ ತಲೆಗೆ ಹೋಗಲೇ ಇಲ್ಲ. ಕಾಂಡ್ಲಾದ ಬಗ್ಗೆ ಓದಿದ ರಾತ್ರಿ ಅದು ನೆನಪಾಗಿ ನಿದ್ದೆ ಬರಲಿಲ್ಲ.

‘ನಮ್ಮಲ್ಲಿ ಅಷ್ಟೆಲ್ಲ ಭೂಕಂಪ ಎಲ್ಲಿ?’ ಎಂದು ಗೆಳೆಯರು ನಗುತ್ತಾರೆ. ಬಂಡೆ ಹತ್ತಿರವಿರುವ ಗಟ್ಟಿ ನೆಲದಲ್ಲಿ ದ್ರವೀಕರಣದ ಭಯ ಇಲ್ಲ ಎಂಬುದು ನಿಜ. ಆದರೆ 2016ರ ಐಎಸ್ 1893 ಸಂಹಿತೆಯಲ್ಲಿ ಬೆಂಗಳೂರು ಎರಡನೇ ವಲಯದಲ್ಲಿದ್ದರೆ ಮಂಗಳೂರು ಮೂರನೆಯದರಲ್ಲಿದೆ. ಕರಾವಳಿಯ ಅಳಿವೆಗಳ ಬಳಿ ಮರಳೂ ಇದೆ, ಕೈಗೆಟುಕುವಷ್ಟರಲ್ಲಿ ನೀರೂ ಇದೆ. 1993ರಲ್ಲಿ ನೆಲಸಮವಾದ ಕಿಲ್ಲಾರಿ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು ಎಂಬುದನ್ನೂ ಮರೆಯಬಾರದು.

ಪ್ರತಿ ಸಿವಿಲ್ ವಿದ್ಯಾರ್ಥಿಯೂ ಡಿಗ್ರಿ ಮುಗಿಸುವ ಮುನ್ನ ಕನಿಷ್ಠ ಒಂದು ಬೋರ್‌ಹೋಲ್ ಅನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಬೇಕು. ಭೂಕಂಪದ ಪಾಠ ಬೇಕಾದವರು ಮಾತ್ರ ಆರಿಸಿಕೊಳ್ಳುವ ಐಚ್ಛಿಕ ವಿಷಯವಾಗಿ ಉಳಿಯಬಾರದು. ಮನೆ ಕೊಳ್ಳುವವರು ಟೈಲ್ಸ್, ಲಿಫ್ಟ್ ನೋಡುವಂತೆ ಸಾಯಿಲ್ ರಿಪೋರ್ಟ್ ಅನ್ನೂ ಕೇಳಬೇಕು. ಇನ್ನು ನಮ್ಮಂಥವರು, ಕೊರೆಯದ ಬೋರ್‌ಗೆ ಅಂಕಿ ತುಂಬಲು ಹೇಳಿದಾಗ ಪೆನ್ನು ಕೆಳಗಿಡಬೇಕು. ಕೆಲಸ ಹುಡುಕುವ ವಯಸ್ಸಿನಲ್ಲಿ ಅದು ಸುಲಭವಲ್ಲ ಎಂದು ನನಗೆ ಗೊತ್ತು.

ಚಿಕ್ಕಪ್ಪನಿಗೆ ಫೋನ್ ಮಾಡಿ, ಪೈಲ್ ಯಾವ ಪದರದಲ್ಲಿ ನಿಂತಿದೆ ಎಂದು ಕೇಳಿ ಅಂದೆ. ಕೇಳಿದ್ದಾರೆ. ರಿಪೋರ್ಟ್ ಕೊಡುತ್ತೇವೆ ಎಂದವರು ಇನ್ನೂ ಕೊಟ್ಟಿಲ್ಲ. ಚಿಕ್ಕಪ್ಪನೂ ಅಡ್ವಾನ್ಸ್ ಕೊಟ್ಟಿಲ್ಲ.